ದಡವನ್ನು ಕೇಳಿ ಹೇಳುತ್ತೇನೆ

ಬ್ಯಾರೆಂಟ್ಸ್ ಕಡಲಿನಲ್ಲಿ ಹನ್ನೊಂದನೆಯ ದಿನ.
ಬಲೆ ಎಳೆದು ಬಂದ ಹೆರಿ ಕೈಗವಸು ಕಳಚಿ
ಗುಂಡಿ ಒತ್ತಿದ. ಪರದೆ ಕೇಳಿತು:
ಇದು ನಿನ್ನದೇನಾ? ತಾಳು,
ದಡವನ್ನು ಕೇಳಿ ಹೇಳುತ್ತೇನೆ.

ದಡ ಎಲ್ಲಿದೆ?
ಸುತ್ತ ನಾನೂರು ಮೈಲಿ ನೀರು,
ಉಪಗ್ರಹದ ಎಳೆ ಕ್ಯಾಪ್ಟನ್ನನ ಹವಾಮಾನಕ್ಕಷ್ಟೇ ಮೀಸಲು.
ಬಿಳಿಯ ಚಕ್ರ ಸುತ್ತಿತು, ಸುತ್ತಿತು,
ಬೀಗ ಹಾಕಿಕೊಂಡಿತು.

"ಪೂರ್ತಿ ದುಡ್ಡು ಎಣಿಸಿದ್ದೇನೆ ಕಣೋ,
ಕ್ಲಾಕ್ಸ್‌ವಿಕ್‌ನ ಅಂಗಡಿಯಲ್ಲಿ!"
ರಶೀದಿಯನ್ನೇ ಪರದೆಗೆ ಹಿಡಿದು ತೋರಿಸಿದ,
ಪೊಲೀಸಿನವನಿಗೆ ತೋರಿಸುವ ಹಾಗೆ.
ನಾವು ನಕ್ಕೆವು. ಅವನು ನಗಲಿಲ್ಲ.

ಕೆಳಗೆ ಮಂಜುಗಡ್ಡೆಯಲ್ಲಿ ಮಲಗಿದ ಕಾಡ್ ಮೀನಿಗೂ
ಪರವಾನಗಿ ಉಂಟು, ತೂಕದ ಲೆಕ್ಕ ಉಂಟು;
ಆದರೂ ಸಾರಿಗೆ ಬಿದ್ದ ಮೇಲೆ
ತುತ್ತು ತುತ್ತಿಗೂ ಅಪ್ಪಣೆ ಬೇಡುವವರಿಲ್ಲ.

ಇಂಜಿನ್ ಕೋಣೆಯ ಮುದುಕ ಟ್ರೊಂಡುರ್
ಎಣ್ಣೆಬಟ್ಟೆ ಬಿಚ್ಚಿ ತೆಗೆದ
ಹಳದಿಗಟ್ಟಿದ ಪೆಟ್ಟಿಗೆ, ಬಿಸ್ಕತ್ತಿನ ದಪ್ಪದ ಕಾರ್ಟ್ರಿಜ್.
ಉಫ್ ಎಂದು ಊದಿ ತುರುಕಿದ.
ಏನೂ ಕೇಳದೆ ಎದ್ದು ಬಂತು ಆಟ.
ಮೊದಲ ಸಾಲಿನಲ್ಲಿ ಯಾವಾಗಲೋ ಉಳಿಸಿಟ್ಟ ಹೆಸರು: ಮಾರ್ಯುನ್.

"ಮಗಳು," ಅಂದ.
"ಅದನ್ನು ಅಳಿಸಬೇಡ. ಎರಡನೆಯದರಲ್ಲಿ ಆಡು."