ಎಷ್ಟು ಕಣ್ಣಿನ ಟೀವಿ

ಜೂನ್ ತಿಂಗಳ ಬಂದಿಗೆ ಬೋಟುಗಳೆಲ್ಲ ಬೈತಖೋಲದಲ್ಲಿ
ಒಂದರ ಪಕ್ಕೆಗೊಂದು ಒರಗಿಕೊಂಡಿದ್ದಾಗ
ರೋಹಿದಾಸ ತಾಂಡೇಲ ನಮ್ಮ ಅಂಗಡಿಗೆ ಬಂದ.
ಛತ್ರಿ ಹೊರಗಿಟ್ಟ, ಚಪ್ಪಲಿಯನ್ನೂ.
ಚಪ್ಪಲಿ ಇರಲಿ ಎಂದರೆ
"ಇಷ್ಟು ಕನ್ನಡಿ ಇದ್ದಲ್ಲಿ ಹ್ಯಾಗೆ ತಮಾ" ಎಂದ.

ಕಿಸೆಯಿಂದ ತೆಗೆದದ್ದು ಒಂದು ನೈಲಾನ್ ಹುರಿ.
"ಈ ಗಂಟಿನಿಂದ ಆ ಗಂಟಿಗೆ, ನಮ್ಮನೆ ಟೀವಿ."
ಟೇಪು ಹಿಡಿದೆ: ಇಪ್ಪತ್ತೆಂಟು.
ಹಾಗಾದರೆ ಮೂವತ್ತೆರಡರದ್ದು, ಎಂದೆ.
ನಾವು ಮೂಲೆಯಿಂದ ಮೂಲೆಗೆ ಅಳೆಯುವವರು.
ಇಲ್ಲದ ನಾಲ್ಕಿಂಚು ನಾನೆಲ್ಲಿಂದ ತಂದೆನೆಂದು
ನನ್ನ ಮುಖವನ್ನೇ ನೋಡಿದ.

ಬೆನ್ನಿಗೆ ತೂತು ಎಷ್ಟಿವೆ?
ಕ್ಯಾಲೆಂಡರಿನ ಮೇ ಪುಟದ ಹಿಂದೆ ಮಗಳು ಬಿಡಿಸಿದ್ದಾಳೆ:
ಕೆಂಪು, ಬಿಳಿ, ಹಳದಿ, ಮೂರು ದುಂಡು;
ಕೆಳಗೊಂದು ಚಪ್ಪಟೆ ಬಾಯಿ.
ಈ ಚಪ್ಪಟೆಯದೇ ಬೇಕು ಹೊಸ ಪ್ಲೇಯರಿಗೆ.
ದುಂಡಗಿನದರಲ್ಲಿ ಎಂಥ ಚಿತ್ರ ಬಂದರೂ ಕಲಸಿದ ಗಂಜಿ.
ಮೂಲೆಯ ಚೀಟಿಯನ್ನೂ ಹುಡುಗಿ ಬಿಟ್ಟಿಲ್ಲ: ಎಚ್.ಡಿ. ರೆಡಿ.
ರೆಡಿ ಅಂದರೇನು, ಕೇಳಿದ. ಹೇಳಿದೆ.
"ಅಂದ್ರೆ ಹೊರಟು ನಿಂತದ್ದು. ಹೊರಟದ್ದಲ್ಲ."
ಆರು ವರ್ಷದಲ್ಲಿ ನಾನು ಯಾವ ಗಿರಾಕಿಗೂ
ಇಷ್ಟು ನೆಟ್ಟಗೆ ಹೇಳಿರಲಿಲ್ಲ.

ಆಮೇಲೆ ಗೆರೆಗಳ ಲೆಕ್ಕ: ಏಳುನೂರಾ ಇಪ್ಪತ್ತು, ಸಾವಿರದಾ ಎಂಬತ್ತು.
"ಗೆರೆ ಬೇಡ, ಕಣ್ಣು ಅನ್ನು.
ಬಂಗಡೆಗೊಂದು ಕಣ್ಣು, ತಾರ್ಲೆಗೊಂದು.
ನನ್ನ ಟೀವಿ ದೊಡ್ಡ ಕಣ್ಣಿನದು.
ನೀನು ಶೆಟ್ಲಿ ಸುರಿದರೆ ಸೋರಿ ಹೋಗ್ತದೆ."
ಹೌದು, ಅಂದುಬಿಟ್ಟೆ.
ಗಲ್ಲಾದಲ್ಲಿದ್ದ ರಾಯ್ಕರ್ ಸಾಹೇಬರು ಕೆಮ್ಮಿದರು.

ಯಾವ ಸಿನಿಮಾ ನೋಡಬೇಕು?
ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ
ನೀಲಿ ಹೊಳಪಿನ ಡಿಸ್ಕ್ ಕೈಗಿಟ್ಟ.
ಕೋಡಿಬಾಗದಲ್ಲಿ ಸಮುದ್ರ ಓದುವ ಹುಡುಗಿ
ನವೆಂಬರಿನಲ್ಲಿ ಅವನ ದೋಣಿ ಹತ್ತಿ
ಕೂರ್ಮಗಡದ ಆಚೆ ನೀರಿಗೆ ಕ್ಯಾಮರಾ ಇಳಿಸಿದ್ದಳಂತೆ.
ಬಾಡಿಗೆ ಬೇಡವೆಂದದ್ದಕ್ಕೆ ಇದು.
ಮನೆಯ ಹಳೇ ಪ್ಲೇಯರು ನುಂಗಿತು, ಗುರುಗುಟ್ಟಿತು, ಉಗುಳಿತು.
"ನಲವತ್ತು ವರ್ಷ ಮೇಲಿಂದಲೇ ನೋಡಿದೆ.
ಮುಳುಗು ಹಾಕಲು ಬರೂದಿಲ್ಲ ನಂಗೆ.
ಅಡಿಗೆ ಹ್ಯಾಗದೆ ಅಂತ—"

ಐವತ್ತೈದಿಂಚಿಗೆ ಹಾಕಿದೆ, ಇದ್ದುದರಲ್ಲಿ ದುಬಾರಿ ಪ್ಲೇಯರಿನಲ್ಲಿ.
ಕೆಸರು.
ಹಸಿರು ಕೆಸರು, ಕಣಕಣವೂ ಬಿಡಿಬಿಡಿ.
"ಕ್ಲಾರಿಟಿ ನೋಡಿ" ಎಂದರು ರಾಯ್ಕರ್ ಸಾಹೇಬರು.
ಐದು ನಿಮಿಷ ನಾವು ಮೂವರೂ ಕೆಸರು ನೋಡಿದೆವು.
ಮಿಕ್ಸರ್ ಕೊಳ್ಳಲು ಬಂದವಳೊಬ್ಬಳು ಅವಳೂ ನಿಂತಳು.

ಆಗ ಮೇಲಿನಿಂದ ಅವನ ಬಲೆ ಇಳಿಯಿತು,
ನಿಧಾನ, ಪರದೆ ಬಿಡುವಂತೆ.
ರೋಹಿದಾಸ ಎದ್ದು ಗಾಜಿಗೆ ಮೂಗು ತಾಗಿಸಿದ.
ತುಟಿ ಆಡುತ್ತಿತ್ತು. ಎಣಿಸುತ್ತಿದ್ದ.
"ತಡಿ. ನಿಲ್ಲಸು."

ಎಡಕ್ಕೆ, ಕೆಳಗೆ, ಎರಡು ತುಂಡು ಕೂಡಿಸಿದ ಕಡೆ
ಹೊಲಿಗೆ ಬಿಟ್ಟು ಮೊಳದಷ್ಟು ಬಾಯಿ.
ಮೇಲಕ್ಕೆಳೆದರೆ ಮಡಿಕೆಯೊಳಗೆ ಮುಚ್ಚಿಕೊಳ್ಳುವಂಥದ್ದು,
ನೀರಿನಲ್ಲಿ ಮಾತ್ರ ತೆರೆಯುವಂಥದ್ದು.
ಅದರೊಳಗಿಂದ ಒಂದು ಇಸವಾಣ
ಅವಸರವಿಲ್ಲದೆ ದಾಟಿ ಹೋಗುತ್ತ, ನಡುವೆ ನಿಂತಿತ್ತು,
ನಾನು ನಿಲ್ಲಿಸಿದ್ದರಿಂದ.

"ಪಾಲುಗಾರ ಗುರುದಾಸ ಮೀನು ಮಧ್ಯೆ ಮಾರಿಕೊಂಡ ಅಂದಿದ್ದೆ" ಎಂದ,
ಟೀವಿಗೆ. "ಅವನ ಹೆಂಡತಿ ಎದುರಿಗೇ."

ಕಮಿಷನ್ನಿನ ಆಸೆ ಬಿಟ್ಟು ನಿಜ ಹೇಳಿದೆ:
ಮೊಳದ ತೂತು ನಿಮ್ಮ ಟೀವಿಯಲ್ಲೂ ಕಾಣುತ್ತದೆ,
ಅಗ್ಗದ ಪ್ಲೇಯರೇ ಸಾಕು.
"ನನ್ನದರಲ್ಲಿ ಬೇಡ. ಅವನದರಲ್ಲಿ ಕಾಣಬೇಕು.
ಡಬ್ಬಾ ಟೀವಿ. ಹಳದಿ ತೂತು ಒಂದದೆ."

ಗೋದಾಮಿನ ಮೂಲೆಯಲ್ಲಿ ಹಳೇ ಸ್ಟಾಕಿನದೊಂದಿತ್ತು,
ಚಪ್ಪಟೆ ಬಾಯಿಯೂ ಹಳದಿ ತೂತೂ ಎರಡೂ ಇದ್ದದ್ದು.
ಧೂಳು ಒರೆಸುತ್ತ ಮತ್ತೆ ಎಚ್ಚರಿಸಿದೆ:
ಅಲ್ಲಿ ಕಲಸಿದ ಗಂಜಿಯೇ ಬರುವುದು.
"ಅಗುಳು ಕಂಡರಾಯ್ತು" ಎಂದು ನೋಟು ಎಣಿಸಿದ.

ವಾರಂಟಿ ಒಂದು ವರ್ಷ, ಎಂದೆ, ಹೇಳಬೇಕಾದ್ದರಿಂದ.
ಇವತ್ತು ಸಂಜೆ ನಡೀತದಲ್ಲ? ಎಂದು ಕೇಳಿದ.
ಹುರಿ ಕೌಂಟರಿನ ಮೇಲೇ ಉಳಿಯಿತು,
ಎರಡು ಗಂಟು, ನಡುವೆ ಇಪ್ಪತ್ತೆಂಟಿಂಚು.