ಏಳನೆಯ ತುಂಡು

ಮೀನುಬಲೆಗಾ ಅಂತ ಕೇಳಿದ ಅಂಗಡಿಯವನು.
ಅಲ್ಲ, ನನಗೇ, ಅಂದೆ.
ಒಂದು ಕಿಲೋ ಸೀಸ, ಸೋಪಿನಷ್ಟೇ ಗಾತ್ರ.
ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ,
ಮುಖ ನೋಡದೆ, ಗುಟ್ಟಿನ ಸಾಮಾನಿನ ಹಾಗೆ.

ಇಪ್ಪತ್ತು ವರ್ಷ ಆರೇ ತುಂಡು ಸಾಕಿತ್ತು ಸೊಂಟಕ್ಕೆ.
ಉಸಿರು ಕಟ್ಟಿ ತಲೆಕೆಳಗಾದರೆ
ಜೆಜುವಿನ ಕಡಲು ತಾನೇ ಬಾಗಿಲು ತೆಗೆಯುತ್ತಿತ್ತು.
ಈಗ ಎಷ್ಟು ಕಾಲು ಬಡಿದರೂ
ಬೆಂಡಿನ ಹಾಗೆ ಮೇಲೇ ತೇಲುತ್ತದೆ ಹಿಂಭಾಗ;
ಕೆಳಗೆ, ಬಂಡೆಯ ಸಂದಿಯಲ್ಲಿ,
ಶಂಖಗಳು ನೆಮ್ಮದಿಯಾಗಿವೆ.

ಆರೋಗ್ಯ ಕೇಂದ್ರದ ತಕ್ಕಡಿ ಹೇಳಿತು: ಭಾರವಾದೆ.
ಕಡಲು ಹೇಳುತ್ತದೆ: ಹಗುರಾದೆ.
ಯಾರ ಮಾತು ಕೇಳಲಿ?

ನರ್ಸ್ ಹುಡುಗಿ ಚೀಟಿ ಬರೆದಳು:
ರಾತ್ರಿ ಅನ್ನ ಅರ್ಧ ಬಟ್ಟಲು, ದಿನಾ ಅರ್ಧ ಗಂಟೆ ನಡಿಗೆ.
ನಡೆದಿದ್ದೇನಲ್ಲ ಮಗಳೇ, ಹತ್ತೊಂಬತ್ತರಿಂದ,
ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ.
ಆದರೂ ಅರ್ಧ ಮಾಡಿದೆ.
ನಾಲ್ಕನೇ ದಿನ ನೀರಿನಲ್ಲಿ ಕೈ ನಡುಗಿತು,
ಕೊಕ್ಕೆ ಜಾರಿ ಮರಳಿಗೆ ಬಿತ್ತು.
ಅನ್ನ ಮತ್ತೆ ಪೂರ್ತಿಯಾಯಿತು.
ಬಿಟ್ಟದ್ದು ಸಂಜೆಯ ಸಿಹಿ ಕಾಫಿ.
ಅದು ಮಾತ್ರ ಅಳುವಷ್ಟು ಕಷ್ಟ.

ಬಿಸಿ ಬರುತ್ತದೆ ಹೇಳದೆ ಕೇಳದೆ,
ರಾತ್ರಿ ಮೂರಕ್ಕೆ, ಕಿವಿಯಿಂದ ಕುತ್ತಿಗೆಗೆ.
ಗಂಡ ಗ್ಯುಬೊಂಗ್ ಹೊದಿಕೆ ಎಳೆದು ಗೋಡೆಗೆ ತಿರುಗುತ್ತಾನೆ;
ನಾನು ಕಿಟಕಿ ತೆರೆದು
ಜನವರಿಯನ್ನು ಒಳಗೆ ಕರೆಯುತ್ತೇನೆ.

ಬೆಳಿಗ್ಗೆ, ಕಲ್ಲುಗೋಡೆಯೊಳಗಿನ ಬೆಂಕಿಯ ಸುತ್ತ,
ರಬ್ಬರ್ ಅಂಗಿ ತೊಡಲು ನನಗೆ ಮೂವರು ಬೇಕು:
ಒಬ್ಬಳು ಎಳೆಯಲು, ಒಬ್ಬಳು ತುರುಕಲು,
ಇನ್ನೊಬ್ಬಳು ನಗಲು.
ನಲವತ್ತೊಂಬತ್ತು ಅಂದರೆ ಇವರ ನಡುವೆ ಹುಡುಗಿ.

ಎಪ್ಪತ್ತೆಂಟರ ಚುನ್‌ವೊಲ್ ಅಜ್ಜಿ
ನನ್ನ ಪಟ್ಟಿ ಎತ್ತಿ ಕೈಯಲ್ಲೇ ತೂಗಿದಳು.
'ಏಳಾ? ನಿನ್ನ ವಯಸ್ಸಿಗೆ ನನಗೆ ಒಂಬತ್ತಾಗಿತ್ತು ಕಣೇ.
ಈಗ ನಾಲ್ಕು.
ಮೈ ತಾನಾಗಿ ಇಳಿದುಹೋಯಿತು, ಹೋಗು ಅಂತ ನಾನೇನೂ ಹೇಳಲಿಲ್ಲ.'
ಆಮೇಲೆ ರೇಗಿದಳು:
'ಅಂಗಡಿಯವನಿಗೆ ಯಾಕೆ ದುಡ್ಡು ಸುರಿದೆ?
ನನ್ನ ಐದು ತುಂಡು ಸುಮ್ಮನೆ ಕೂತಿವೆ ಮನೆಯಲ್ಲಿ,
ಕಿಮ್ಚಿ ಜಾಡಿಯ ಮುಚ್ಚಳದ ಮೇಲೆ.'

ಯಾರದೋ ಸೊಂಟದಿಂದ ಇಳಿದು
ಮುಚ್ಚಳಕ್ಕೆ, ಮುಚ್ಚಳದಿಂದ ಇನ್ನೊಂದು ಸೊಂಟಕ್ಕೆ.
ಅಜ್ಜಿಗೆ ಅವನ್ನು ಕೊಟ್ಟವರು ಯಾರೋ, ಕೇಳಲಿಲ್ಲ.

ಏಳು ಕಟ್ಟಿಕೊಂಡು ಇಳಿದೆ.
ಅರ್ಧ ದಾರಿಯಲ್ಲಿ ಅದು ಬಂತು, ನೀರಿನೊಳಗೇ,
ಕಿವಿಯಿಂದ ಕುತ್ತಿಗೆಗೆ.
ಬಾ ಅಂದೆ.
ಹಣೆಗೆ ಒದ್ದೆ ಬಟ್ಟೆ ಇಡೀ ಕಡಲು.

ಐದು ಗಂಟೆಯ ಕೆಲಸ ಮೂರಕ್ಕೆ ನಿಲ್ಲಿಸಿ
ಮೇಲೆ ಬಂದು ಉಸಿರು ಬಿಟ್ಟೆ. ಸಿಳ್ಳೆ ಗಿಡ್ಡವಾಗಿದೆ.
ಚೀಲದಲ್ಲಿ ಹನ್ನೊಂದು ಶಂಖ.
ಮೂವತ್ತಿರುತ್ತಿದ್ದವು.
ಬಂಡೆಯ ಮೇಲೆ ಕೂತು
ಮತ್ತೊಮ್ಮೆ ಎಣಿಸಿದೆ, ನಿಧಾನಕ್ಕೆ,
ಒಂದೊಂದನ್ನೂ ಕೈಯಲ್ಲಿ ತೂಗಿ.