ರಜೆಯ ಹಾವು

ಮೂರನೇ ತರಗತಿಯವರು ಮನೆಗೆ ಹೋದರು.
ಎಲ್ಲ ಕೋಣೆಗಳ ಬೀಗದಕೈ
ಕಸ ಗುಡಿಸುವವನ ಸೊಂಟದಲ್ಲಿರುವುದರಿಂದ
ಹಾವೂ ನನ್ನ ಪಾಲಿಗೆ ಬಂತು.

ಗಾಜಿನ ಪೆಟ್ಟಿಗೆ, ಒಂದು ದೀಪ, ನೀರಿನ ಬೋಗುಣಿ.
ಕಪ್ಪು ಮೈಮೇಲೆ ಮೂರು ಹಳದಿ ಗೆರೆ.
ಹೆಸರು ಲೇಸ್, ಬೂಟಿನ ದಾರ ಅಂತ ಅರ್ಥವಂತೆ.
ಸೊಲ್ವೇಗ್ ಎಂಬ ಎಂಟು ವರ್ಷದ ಯಜಮಾನಿ
ಪೆನ್ಸಿಲಿನಲ್ಲಿ ಬರೆದು ಗಾಜಿಗೆ ಅಂಟಿಸಿ ಹೋಗಿದ್ದಳು:
"ರೊಡೆಲಿಯೊ ಅಂಕಲ್, ಹಾಲು ಹಾಕಬೇಡಿ, ಕುಡಿಯೋಲ್ಲ.
ಕೈಯಿಂದ ತಿನ್ನಿಸಬೇಡಿ, ಬೆರಳೂ ಊಟ ಅಂದ್ಕೊಳ್ಳತ್ತೆ.
ತಿಂದ ಮೇಲೆ ಎರಡು ದಿನ ಎತ್ಕೋಬೇಡಿ.
ಎರೆಹುಳ ಇಷ್ಟ. ಬೇರೆ ಏನೂ ಇಷ್ಟ ಇಲ್ಲ."

ಎರೆಹುಳ!
ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ.
ಗಿಮ್ಲಿಯ ನೆಲ ಕಬ್ಬಿಣ.
ಸರೋವರದ ಮೇಲೆ ಜನ ಗೂಡು ಹಾಕಿ ಕೂತಿದ್ದಾರೆ,
ಮಂಜುಗಡ್ಡೆಗೆ ಕೊರೆದ ತೂತಿನೊಳಗೆ ದಾರ ಬಿಟ್ಟುಕೊಂಡು.

ಗಾಳದಂಗಡಿಯ ಮುದುಕ ಗುಟ್ಟೋರ್ಮ್ ನಕ್ಕ:
"ಹುಳವೇ? ಮೇ ತಿಂಗಳಿಗೆ ಬಾ."
ಒಂದು ಚೀಲ ಸ್ಮೆಲ್ಟ್ ಮೀನು ಪುಕ್ಕಟೆ ಕೊಟ್ಟ.
ಬೆರಳುದ್ದದ ಬೆಳ್ಳಿ ಮೀನು,
ಕರಗುತ್ತಾ ಕರಗುತ್ತಾ ಸೌತೆಕಾಯಿಯ ವಾಸನೆ.
ಲಿಗಾಯಾ ತಡೆದಳು. ಪ್ರಾಣಿವೈದ್ಯೆಗೆ ಫೋನು ಹಚ್ಚಿದಳು.
ಆ ಮೀನು ಬೇಡ: ಹೊಟ್ಟೆ ತುಂಬುತ್ತದೆ, ಜೀವಸತ್ವ ಸೋರುತ್ತದೆ,
ತಿಂದು ತಿಂದು ಕೊನೆಗೊಂದು ದಿನ ನಡುಗಿ ಬೀಳುತ್ತದೆ.
ಪಕ್ಕದಮನೆಯ ಗೊಬ್ಬರದ ಡಬ್ಬಿಯ ಕೆಂಪು ಹುಳವೂ ಬೇಡ,
ಅದು ವಿಷ.
ಹಾವಿಗೆ ವಿಷ! ಎಷ್ಟು ಹೊತ್ತು ನಾನು
ಆ ಮಾತನ್ನೇ ಹಿಡಿದುಕೊಂಡು ನಿಂತಿದ್ದೆನೋ.

ಸ್ಮೆಲ್ಟನ್ನು ಬೆಳ್ಳುಳ್ಳಿ ಹಾಕಿ ನಾವೇ ಹುರಿದು ತಿಂದೆವು.

ಹಾವಿಗೆ ಟ್ರೌಟ್ ತಂದೆ. ಮುಳ್ಳು ತೆಗೆದು,
ಅದರ ಕತ್ತಿನಷ್ಟು ಸಪುರ ಸೀಳಿ,
ಉಗುರುಬೆಚ್ಚನೆ ನೀರಿನಲ್ಲಿ ಚಳಿ ಬಿಡಿಸಿ,
ಮರದ ಹೊಟ್ಟು ಅಂಟದ ಹಾಗೆ
ಪಿಂಗಾಣಿ ತಟ್ಟೆಯಲ್ಲಿಟ್ಟೆ.
ನಾಲಿಗೆ ಬಂತು. ಎರಡಾಗಿ ಸೀಳಿದ ಕೆಂಪು ದಾರ,
ಗಾಳಿಯನ್ನು ಓದಿತು, ಮೀನನ್ನು ಓದಿತು,
ನನ್ನನ್ನೂ ಓದಿತು.
ಮುಖ ತಿರುಗಿಸಿತು.

ಮೂರನೇ ದಿನ ಹಾಗೆ. ಐದನೇ ದಿನವೂ ಹಾಗೇ.
ದೀಪದ ಬಿಸಿ ಅಳೆದೆ. ಬಚ್ಚಿಟ್ಟುಕೊಳ್ಳಲು
ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ಗೂಡು ಮಾಡಿದೆ.
ಬೈದೆ ಕೂಡ, ನನ್ನ ಊರ ಭಾಷೆಯಲ್ಲಿ.

ಏಳನೇ ದಿನ ನೋಡುತ್ತೇನೆ, ಕಣ್ಣು ಬೆಳ್ಳಗೆ ನೀಲಿ,
ಬೇಡವೆಂದ ಹಾಲೆಲ್ಲ ಕಣ್ಣಿಗೇ ಇಳಿದ ಹಾಗೆ.
ಹಟವಲ್ಲ ಮಾರಾಯ,
ಪೊರೆಯ ಒಳಗೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ.
ತಟ್ಟೆ ತೆಗೆದೆ. ನೀರು ಬದಲಿಸಿದೆ. ಸುಮ್ಮನಾದೆ.
ಕಾರಿಡಾರಿಗೆ ಮೇಣ ಹಚ್ಚುವ ಕೆಲಸವಿತ್ತು.

ಹದಿಮೂರನೇ ದಿನ ಪೊರೆ ಬಿದ್ದಿತ್ತು,
ಒಳಹೊರಗಾಗಿ ಕಳಚಿದ ಕಾಲುಚೀಲ.
ಅದೇ ಸಂಜೆ ಗುಟ್ಟೋರ್ಮ್ ಬಾಗಿಲು ಬಡಿದ,
ಮೀಸೆಯಲ್ಲಿ ಹಿಮ, ಕೋಟಿನೊಳಗೆ ಮೊಸರಿನ ಡಬ್ಬಿ.
"ಫ್ರಿಜ್ಜಿನ ಹಿಂದೆ ಸಿಕ್ಕಿತು. ಅಕ್ಟೋಬರಿನದು.
ಮೂರು ಇನ್ನೂ ಒದ್ದಾಡುತ್ತಿವೆ."

ಮೂರೇ ಹುಳ; ಚಳಿಗಾಲವೋ ಇನ್ನೂ ನಾಲ್ಕು ತಿಂಗಳು.
ತಿನ್ನಿಸಲಿಲ್ಲ.
ಟ್ರೌಟಿನ ಚೂರನ್ನು ಹುಳದ ಮೈಗೆ ಉಜ್ಜಿದೆ,
ಲೋಳೆ ಹತ್ತುವವರೆಗೆ, ಮಣ್ಣಿನ ವಾಸನೆ ಬರುವವರೆಗೆ.
ಮೊಂಡು ತುದಿಯ ಚಿಮಟದಲ್ಲಿ ಹಿಡಿದು
ಹುಳ ನಡೆಯುವ ಹಾಗೆ ಮೆಲ್ಲಗೆ ಅಲುಗಿಸಿದೆ.
ಹಾವೂ ಸಾಯಬಾರದು ಕೋಲೂ ಮುರಿಯಬಾರದು,
ಆ ಮಾತು ಹುಟ್ಟಿದ್ದು ಇದಕ್ಕೇ ಇರಬೇಕು.
ಮೇಲಿನ ದೀಪ ಆರಿಸಿದೆ. ನೋಡುತ್ತಾ ಕೂತವರ ಮುಂದೆ
ಯಾರಿಗೆ ತಾನೇ ತುತ್ತು ಇಳಿಯುತ್ತದೆ?

ಚಿಮಟ ಜಗ್ಗಿತು.
ನನ್ನ ಎದೆ ಜಗ್ಗಿತು ಅಂದರೂ ನಡೆದೀತು.
ದವಡೆ ಒಂದು ಬದಿ ಮುಂದಿಟ್ಟು, ಇನ್ನೊಂದು ಬದಿ ಮುಂದಿಟ್ಟು
ಮೀನಿನ ಮೇಲೆ ಅದು ನಡೆದುಹೋಯಿತು.

ಸೊಲ್ವೇಗ್‌ಳ ಚೀಟಿಯ ಕೆಳಗೆ ಬರೆದೆ:
"ಲೇಸ್ ಉಂಡಿತು. ಎರಡು ಚೂರು. ಎತ್ತಿಕೊಂಡಿಲ್ಲ."
ಹುಳಗಳ ವಿಷಯ ಬರೆಯಲಿಲ್ಲ.
ಹೆಡ್‌ಮೇಷ್ಟ್ರ ಕೋಣೆಯ ಜರೀಗಿಡದ ಕುಂಡದಲ್ಲಿ
ಮೂವರೂ ಸುಖವಾಗಿದ್ದಾರೆ.
ಆ ಗಿಡಕ್ಕೆ ನೀರು ಹಾಕುವವನೂ ನಾನೇ.